ಎರಡೂವರೆ ವರ್ಷದ ಮಾಣಿ, ಏಳು ತಿಂಗಳ ಕೂಸು: ಶಿರಸಿಯಿಂದ ವಂಡರ್‌ಲಾಕ್ಕೆ ಹೋಗಬಹುದಾ?

ಸಹ್ಯಾದ್ರಿ ಆಯಿ, ಶಿರಸಿ

ನಮಸ್ಕಾರ ಎಲ್ಲರಿಗೂ. ನಮ್ಮನೆಯ ಜಗಳವನ್ನು ಇಲ್ಲಿ ತಂದು ಹಾಕುತ್ತಿದ್ದೇನೆ, ಬಗೆಹರಿಸಿ ಕೊಡಿ.

ಮಾಣಿಗೆ, ಅಂದರೆ ಮಗನಿಗೆ, ಎರಡೂವರೆ ವರ್ಷ. ಕೂಸಿಗೆ ಈಗಷ್ಟೇ ಏಳು ತಿಂಗಳು ತುಂಬಿತು. ಮೈದುನ ಬೆಂಗಳೂರಿನಲ್ಲಿದ್ದಾನೆ, ಮದುವೆಯಾಗಿಲ್ಲ, ಮಕ್ಕಳನ್ನು ಕಟ್ಟಿಕೊಂಡು ಓಡಾಡುವುದೆಂದರೆ ಏನು ಅಂತ ಅವನಿಗೆ ಅಂದಾಜಿಲ್ಲ. "ಅತ್ತಿಗೆ, ಎಲ್ಲರೂ ಬನ್ನಿ, ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೋಗುವಾ" ಅಂತ ಮಾಣಿಯ ಎದುರಿಗೇ ಫೋನಿನಲ್ಲಿ ಹೇಳಿಬಿಟ್ಟ. ವಿಡಿಯೊ ಬೇರೆ ಕಳಿಸಿದ. ಅವತ್ತಿನಿಂದ ನಮ್ಮ ಮಾಣಿ ಬೆಳಿಗ್ಗೆ ಎದ್ದವನೇ ನೀರಿನ ಜಾರುಬಂಡಿ ಅಂತ ಶುರು ಮಾಡುತ್ತಾನೆ.

ನಮ್ಮನೆಯವರು ಹೇಳುವುದು, ಅಡಿಕೆ ಗೊನೆ ಕೊಯ್ಲು, ಸುಲಿಯುವುದು ಎಲ್ಲ ಒಂದು ಹದಕ್ಕೆ ಬರದೆ ತೋಟ ಬಿಟ್ಟು ಬರುವುದಿಲ್ಲ, ಹೋದರೆ ಫೆಬ್ರವರಿ ಕೊನೆಗೆ. ಅತ್ತೆ ಹೇಳುವುದು, ಹಲ್ಲು ಬರುವ ಕೂಸನ್ನು ಎತ್ತಿಕೊಂಡು ಅಷ್ಟು ದೂರ ಯಾಕೆ, ಮಾರಿಕಾಂಬಾ ಜಾತ್ರೆಗೆ ಇಲ್ಲೇ ತಿರುಗುವ ತೊಟ್ಟಿಲು ಬರುತ್ತದಲ್ಲ, ಅದರಲ್ಲಿ ಕೂರಿಸಿದರಾಯಿತು. ಅತ್ತೆಯ ಮಾತೂ ತಪ್ಪಲ್ಲ, ಆದರೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ. ನನಗೆ? ನನಗೆ ನಿಜ ಹೇಳಬೇಕೆಂದರೆ ಮನೆಯಿಂದ ಒಂದು ನಾಲ್ಕು ದಿನ ಹೊರಗೆ ಹೋಗಬೇಕಾಗಿದೆ. ಪಾರ್ಕೇ ಆಗಬೇಕೆಂದಿಲ್ಲ.

ಕೇಳಬೇಕಾಗಿರುವುದು ಇಷ್ಟು. ಈ ವಯಸ್ಸಿನ ಮಕ್ಕಳಿಗೆ ಅಲ್ಲಿ ಆಡಲು ಏನಾದರೂ ಇದೆಯಾ, ಅಥವಾ ಟಿಕೆಟ್ ಕೊಟ್ಟು ಒಳಗೆ ಹೋಗಿ ದೊಡ್ಡವರು ಆಡುವುದನ್ನು ನೋಡಿಕೊಂಡು ಬರುವುದಾ? ಶಿರಸಿಯಿಂದ ಬೆಂಗಳೂರಿಗೇ 400 ಕಿ.ಮೀ. ಹತ್ತಿರ ಆಗುತ್ತದೆ, ಅದರ ಆಚೆ ಬಿಡದಿ. ಕಾರಿನಲ್ಲಿ ಹೋಗುವುದಾ, ಬಸ್ಸಾ, ರೈಲಾ? ಹಾಲು ಕುಡಿಸುವುದು, ಮಲಗಿಸುವುದು ಹೇಗೆ? ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದವರು ಮಾತ್ರ ಉತ್ತರ ಕೊಟ್ಟರೆ ಒಳ್ಳೆಯದು. ಎತ್ತಿಕೊಂಡು ಹೋಗಿ ಏನೂ ಆಗುವುದಿಲ್ಲ ಅನ್ನುವವರು ನಮ್ಮನೆಯಲ್ಲೇ ಒಬ್ಬರಿದ್ದಾರೆ.


ಕಾಳಿ ದಡ, ಕಾರವಾರ

ಅಕ್ಕಾ, ಮೊದಲು ಒಂದು ಕೆಲಸ ಮಾಡಿ. ಮಾಣಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆಯಿರಿ. ವಂಡರ್‌ಲಾದಲ್ಲಿ ಟಿಕೆಟ್ ವಯಸ್ಸಿನ ಮೇಲೆ ಅಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಪುಕ್ಕಟೆ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಎರಡು ವರ್ಷಕ್ಕೇ ಮಕ್ಕಳು ಸರಾಸರಿ 86, 87 ಸೆಂ.ಮೀ. ಆಗಿರುತ್ತಾರೆ, ಹಾಗಾಗಿ ನಿಮ್ಮ ಮಾಣಿಗೆ ಟಿಕೆಟ್ ಬೀಳುವುದು ಹೆಚ್ಚು ಕಡಿಮೆ ಖಾತ್ರಿ. ಆದರೆ ಆ ವಿಡಿಯೊದಲ್ಲಿ ಕಾಣುವ ದೊಡ್ಡ ದೊಡ್ಡ ರೈಡುಗಳಿಗೆ 140 ಬೇಕು. ಅದು ಬರುವುದು ಹತ್ತು ವರ್ಷದ ಸುಮಾರಿಗೆ. ಅಂದರೆ ನಿಮ್ಮ ಮೈದುನ ಕಳಿಸಿದ ಜಾರುಬಂಡಿಯ ಹತ್ತಿರವೂ ಅವನನ್ನು ಬಿಡುವುದಿಲ್ಲ. ಅದನ್ನು ನೋಡಿ ಅವನು ಅಲ್ಲೇ ನೆಲಕ್ಕೆ ಬಿದ್ದು ಹೊರಳಾಡುವಾಗ ಮೈದುನನೇ ಎತ್ತಿಕೊಳ್ಳಲಿ.

ನಾನು ಹೋಗಬೇಡಿ ಅನ್ನುವ ಪೈಕಿ. ದೊಡ್ಡವರು ಮೂವರೋ ನಾಲ್ವರೋ ಪೂರ್ತಿ ದುಡ್ಡು ಕೊಟ್ಟು ಒಳಗೆ ಹೋಗಿ, ಒಬ್ಬರು ಕೂಸನ್ನು ಹಿಡಿದು ನೆರಳಲ್ಲಿ ಕೂತು, ಇನ್ನೊಬ್ಬರು ಮಾಣಿಯ ಹಿಂದೆ ಮೊಳಕಾಲುದ್ದ ನೀರಿನಲ್ಲಿ ನಿಂತು ಬರುವುದಾದರೆ, ಆ ಮೊಳಕಾಲುದ್ದ ನೀರು ನಮ್ಮಲ್ಲೇ ಬೇಕಾದಷ್ಟಿದೆ. ಈ ವಯಸ್ಸಿಗೆ ಬೇಕಾಗಿರುವುದು ನೀರು, ಮರಳು, ಒಂದು ಬಕೆಟ್ಟು. ನಾಲ್ಕು ದಿನ ಹೊರಗೆ ಹೋಗಬೇಕು ಅಂದಿರಲ್ಲ, ಘಟ್ಟ ಇಳಿದು ಬನ್ನಿ.

ಹೊನ್ನಾವರದ ಹತ್ತಿರ ಕಾಸರಕೋಡಿನ ಇಕೋ ಬೀಚ್ ನೋಡಿದ್ದೀರಾ? ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಮನ್ನಣೆ 2020ರಲ್ಲಿ ಸಿಕ್ಕಿದ ಜಾಗ ಅದು. ಶೌಚಾಲಯ, ಸ್ನಾನ ಮಾಡಲು ಸಿಹಿನೀರು, ಬಟ್ಟೆ ಬದಲಿಸಲು ಜಾಗ, ಮಕ್ಕಳ ಆಟದ ಜಾಗ ಎಲ್ಲ ಇದೆ. ಹಾಲು ಕುಡಿಸುವ ತಾಯಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಏನು ಬೇಕು. ಅಲ್ಲಿಂದ ಮುರ್ಡೇಶ್ವರ ಹತ್ತಿರ. 237 ಅಡಿಯ ರಾಜಗೋಪುರಕ್ಕೆ ಲಿಫ್ಟಿನಲ್ಲಿ ಹತ್ತಿಸಿ ಮೇಲಿಂದ ಸಮುದ್ರ ತೋರಿಸಿದರೆ ಎರಡೂವರೆ ವರ್ಷದವನಿಗೆ ಅದೇ ದೊಡ್ಡ ರೈಡು. ಕಾರವಾರಕ್ಕೂ ಬನ್ನಿ, ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಆಡಿಸಿ. ಅಲ್ಲೇ ಸಂಗ್ರಹಾಲಯ ಮಾಡಿ ನಿಲ್ಲಿಸಿರುವ ಚಾಪಲ್ ಯುದ್ಧನೌಕೆಯನ್ನು ಹೊರಗಿಂದ ತೋರಿಸಿ ಸಾಕು. ಒಳಗಿನ ಏಣಿ ಕಡಿದು, ಕೂಸನ್ನು ಎತ್ತಿಕೊಂಡು ಇಳಿಯುವುದು ತ್ರಾಸು.

ಪಾರ್ಕೇ ಬೇಕು ಅಂತ ಹಟ ಇದ್ದರೆ ಮಂಗಳೂರಿನ ಪಿಲಿಕುಳ. ಅಲ್ಲಿ ಪ್ರಾಣಿಸಂಗ್ರಹಾಲಯ, ತಾರಾಲಯ ಎಲ್ಲ ಒಂದೇ ಕಡೆ, ಮಾನಸ ವಾಟರ್ ಪಾರ್ಕೂ ಅಲ್ಲೇ. ಒಂದು ಬೇಸರವಾದರೆ ಇನ್ನೊಂದು. ಬಿಡದಿಗೆ ಹೋಗಲು ಮಾಣಿಗೆ ಹತ್ತು ವರ್ಷ ಆಗಲಿ.


ಸಿದ್ದಾಪುರದವ, ಈಗ ಕೆಂಗೇರಿ

ಕಾಳಿ ದಡದವರೇ, ಕಡಲತೀರ ಚಂದ, ಒಪ್ಪಿದೆ. ಆದರೆ ಶಿರಸಿಯವರಿಗೆ ಅದು ಪ್ರವಾಸ ಅಲ್ಲ ಮಾರಾಯ್ರೆ, ನೆಂಟರ ಮನೆಗೆ ಹೋದ ಲೆಕ್ಕ. ಹೋದ ಕೂಡಲೇ ನಾಲ್ಕು ಮನೆಗೆ ಊಟಕ್ಕೆ ಕರೆಯುತ್ತಾರೆ.

ನಾನು ಬಿಡದಿಗೆ ಹತ್ತಿರವೇ ಇರುವುದರಿಂದ ಊರಿನಿಂದ ಬಂದವರನ್ನೆಲ್ಲ ವಂಡರ್‌ಲಾಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನದೇ. ಹಾಲು ಕುಡಿಯುವ ಮಕ್ಕಳಿದ್ದವರನ್ನೂ ಕರೆದುಕೊಂಡು ಹೋಗಿದ್ದೇನೆ. ಹೋಗಬಹುದು. ಆದರೆ ಕೆಲವರು ಹೈರಾಣಾಗಿ ಬರುತ್ತಾರೆ, ಕೆಲವರು ನಗುತ್ತ ಬರುತ್ತಾರೆ, ಅದಕ್ಕೆ ಕಾರಣ ಒಂದೇ, ಮಗುವಿನ ಮಧ್ಯಾಹ್ನದ ನಿದ್ದೆ.

ನೋಡಿ, ಪಾರ್ಕಿನ ಬಾಗಿಲು ತೆಗೆಯುವುದು ಬೆಳಿಗ್ಗೆ 11ಕ್ಕೆ. ನೀರಿನ ಆಟಗಳು ಶುರುವಾಗುವುದು ಅದಕ್ಕಿಂತಲೂ ತಡವಾಗಿ. ನಿಮ್ಮ ಮಾಣಿ ಆರಕ್ಕೆ ಏಳುವವನಾದರೆ 11ಕ್ಕೆ ಅವನ ಅರ್ಧ ದಿನ ಮುಗಿದಿರುತ್ತದೆ. ಹನ್ನೆರಡೂವರೆಗೆ ಊಟ, ಆಮೇಲೆ ನಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಅವನನ್ನು ನೀರಿಗೆ ಇಳಿಸಿದರೆ ಎರಡು ಗಂಟೆಯ ಹೊತ್ತಿಗೆ ಕಾರಣವೇ ಇಲ್ಲದೆ ಅಳುತ್ತಾನೆ, ನೀವು ಗಂಡ ಹೆಂಡತಿ ಜಗಳ ಆಡುತ್ತೀರಿ, ಮೈದುನ ಫೋನ್ ನೋಡುತ್ತ ದೂರ ಹೋಗುತ್ತಾನೆ. ಇದನ್ನು ಕಣ್ಣಾರೆ ನೋಡಿದ್ದೇನೆ, ಬೇರೆ ಬೇರೆ ಮನೆಯವರು, ಅದೇ ಜಗಳ.

ಅದಕ್ಕೆ ಹೀಗೆ ಮಾಡಿ. ಹಿಂದಿನ ದಿನ ಸಂಜೆಯೇ ಬಂದು ಕೆಂಗೇರಿ, ಬಿಡದಿ ಕಡೆ ಎಲ್ಲಾದರೂ ಉಳಿಯಿರಿ. ದುಡ್ಡು ಜಾಸ್ತಿ ಆದರೂ ಅಡ್ಡಿಯಿಲ್ಲ ಅನ್ನುವುದಾದರೆ ಪಾರ್ಕಿನದ್ದೇ ರೆಸಾರ್ಟ್ ಒತ್ತಿಗೇ ಇದೆ, ಮಗು ಅತ್ತರೆ ಐದು ನಿಮಿಷಕ್ಕೆ ರೂಮು ಸೇರಬಹುದು. ಎಲ್ಲಿ ಉಳಿದರೂ ಬೆಳಿಗ್ಗೆ ಅವಸರ ಮಾಡಬೇಡಿ. ಬಿಡದಿಯ ತಟ್ಟೆ ಇಡ್ಲಿ ತಿನ್ನಿಸಿ, ಮೆತ್ತಗಿರುತ್ತದೆ, ಮಾಣಿ ಚಟ್ನಿ ಇಲ್ಲದೆಯೂ ತಿನ್ನುತ್ತಾನೆ. 11ಕ್ಕೆ ಒಳಗೆ ಹೋಗಿ ಮೊದಲು ಒಣ ಆಟಗಳು, ಮಕ್ಕಳ ಪುಟ್ಟ ರೈಡುಗಳು. ಹೊತ್ತಿಗೆ ಸರಿಯಾಗಿ ಊಟ, ನೆರಳಿನಲ್ಲಿ ಎಲ್ಲಾದರೂ ಒಂದು ಗಂಟೆ ಇಬ್ಬರನ್ನೂ ಮಲಗಿಸಿ. ಆ ಹೊತ್ತಿನಲ್ಲಿ ದೊಡ್ಡವರು ಪಾಳಿಯಲ್ಲಿ ದೊಡ್ಡ ರೈಡಿಗೆ ಹೋಗಿ ಬನ್ನಿ, ಅದಕ್ಕಾಗಿಯಾದರೂ ಅತ್ತೆಯನ್ನು ಕರೆದುಕೊಂಡು ಬನ್ನಿ. ಎದ್ದ ಮೇಲೆ ಮಕ್ಕಳ ಕೊಳ. ಮೂರರಿಂದ ನಾಲ್ಕೂವರೆ, ಅಷ್ಟು ನೀರು ಸಾಕು. ಐದು ಗಂಟೆಗೆ ಹೊರಗೆ. ಎಲ್ಲ ನೋಡಿದೆವಾ ಅಂತ ಲೆಕ್ಕ ಹಾಕಬೇಡಿ. ಕೊಟ್ಟ ದುಡ್ಡು ವಸೂಲಿ ಮಾಡಬೇಕು ಅಂತ ಹೊರಟವರೇ ಹೈರಾಣಾಗುವುದು.

ಬಟ್ಟೆಯ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನೀರಿನ ಆಟಕ್ಕೆ ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ಥರದ್ದು ಬೇಕು. ಅಲ್ಲೇ ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಮೊದಲೇ ತೆಗೆದುಕೊಳ್ಳಿ, ನೀವು ಹಾಲು ಕುಡಿಸುವವರಾದ್ದರಿಂದ ಮುಂದೆ ಜಿಪ್ ಇರುವುದನ್ನು ನೋಡಿ. ಇಲ್ಲದಿದ್ದರೆ ಕೂಸು ಹಸಿದು ಅಳುವಾಗ ಒದ್ದೆ ಬಟ್ಟೆ ಬಿಚ್ಚಲು ಬಟ್ಟೆ ಬದಲಿಸುವ ಕೋಣೆಯ ಸಾಲಿನಲ್ಲಿ ನಿಲ್ಲಬೇಕು. ಒಳಗೆ ಹೋದ ಕೂಡಲೇ ಹಾಲು ಕುಡಿಸುವ ಕೋಣೆ ಎಲ್ಲಿದೆ ಅಂತ ಗೇಟಿನಲ್ಲೇ ಕೇಳಿಕೊಳ್ಳಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಚಿಕ್ಕ ಮಗುವಿನ ಆಹಾರದ ಡಬ್ಬಿಯನ್ನು ಬೇರೆ ಚೀಲದಲ್ಲಿ ಇಟ್ಟು ಗೇಟಿನಲ್ಲಿ ತೋರಿಸಿ.

ದಿನ ಯಾವುದು? ನಿಮ್ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲ. ಅದು ನಿಮಗೆ ಸಿಕ್ಕಿರುವ ದೊಡ್ಡ ಅನುಕೂಲ, ಬಿಡಬೇಡಿ. ಶನಿವಾರ, ಭಾನುವಾರ ಬೇಡವೇ ಬೇಡ, ಟಿಕೆಟ್ಟೂ ಜಾಸ್ತಿ, ಜನವೂ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ವಾರದ ದಿನವೂ ನಂಬುವ ಹಾಗಿಲ್ಲ, ಶಾಲೆಗಳ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಫೆಬ್ರವರಿ ಕೊನೆಗೆ ಎಲ್ಲ ಕಡೆ ಪರೀಕ್ಷೆಯ ತಯಾರಿ, ಬಸ್ಸುಗಳು ಕಡಿಮೆ. ಅಡಿಕೆ ಕೆಲಸ ಮುಗಿಸಿಯೇ ಬರುತ್ತೇನೆ ಅನ್ನುವ ನಿಮ್ಮ ಯಜಮಾನರ ಹಟ ಈ ಒಂದು ವಿಷಯದಲ್ಲಿ ಲಾಭವೇ.


ಸಹ್ಯಾದ್ರಿ ಆಯಿ, ಶಿರಸಿ

ಎತ್ತರ ಅಳೆದೆ, 90 ಇದ್ದಾನೆ. ಟಿಕೆಟ್ ಬಿತ್ತು.

ಸಿದ್ದಾಪುರದ ಅಣ್ಣಾ, ನಿದ್ದೆಯ ಮಾತು ನೂರಕ್ಕೆ ನೂರು ಸರಿ. ಅದಕ್ಕೇ ಇನ್ನೂ ಎರಡು ಕೇಳುತ್ತೇನೆ. ಒಂದು, ಮಾಣಿ ಕಾರಿನಲ್ಲಿ ವಾಂತಿ ಮಾಡುತ್ತಾನೆ. ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಪ್ರತಿ ಸಲ. ಕೂಸು ಮಾತ್ರ ಏನೂ ಆಗದವಳ ಹಾಗೆ ಮಲಗಿರುತ್ತಾಳೆ. ಎರಡು, ಕೂಸಿಗೆ ತೊಟ್ಟಿಲು ಬಿಟ್ಟು ಬೇರೆ ಕಡೆ ನಿದ್ದೆ ಬರುವುದಿಲ್ಲ, ತೂಗುವುದು ನಿಲ್ಲಿಸಿದರೆ ಕಣ್ಣು ಬಿಡುತ್ತಾಳೆ. ಹೋಟೆಲಿನಲ್ಲಿ ಏನು ಮಾಡುವುದು? ಕಿಟಕಿಯ ಸರಳಿಗೆ ಸೀರೆ ಕಟ್ಟಿ ಜೋಲಿ ಮಾಡಿದರಾಯಿತು ಅಂತ ಅತ್ತೆ ಹೇಳುತ್ತಾರೆ.


ನರ್ಸಕ್ಕ, ಕುಮಟಾ

ತಂಗೀ, ಸೀರೆಯ ಜೋಲಿಯನ್ನು ಹೋಟೆಲಿನ ಕಿಟಕಿಗೆ ಕಟ್ಟಬೇಡಿ. ಮನೆಯ ತೊಲೆ ಎಷ್ಟು ಭಾರ ತಡೆಯುತ್ತದೆ ಅಂತ ನಿಮಗೆ ಗೊತ್ತು, ಹೋಟೆಲಿನ ಸರಳು ಗೊತ್ತಿಲ್ಲ. ಏಳು ತಿಂಗಳ ಮಗು ಮಗುಚಿ ಏಳಲು ಕಲಿತಿರುತ್ತದೆ, ಜೋಲಿಯಿಂದ ಬೀಳುವುದೂ ಇದೇ ವಯಸ್ಸಿನಲ್ಲಿ. ಈಗಿನಿಂದಲೇ ದಿನಕ್ಕೆ ಒಂದು ನಿದ್ದೆ ಚಾಪೆಯ ಮೇಲೆ ಅಭ್ಯಾಸ ಮಾಡಿಸಿ. ಮೊದಲ ದಿನಗಳು ಅಳುತ್ತಾಳೆ. ಮನೆಯಲ್ಲಿ ಹೊದೆಯುವ ಅದೇ ಹಳೆಯ ಬಟ್ಟೆ, ಅದೇ ಜೋಗುಳ, ಅದೇ ಹೊತ್ತು ಇದ್ದರೆ ನಿಧಾನಕ್ಕೆ ಒಗ್ಗಿಕೊಳ್ಳುತ್ತಾಳೆ. ಹೋಟೆಲಿನಲ್ಲಿ ಮಂಚದ ಅಂಚಿಗೆ ದಿಂಬು ಇಟ್ಟು ಮಲಗಿಸುವುದೂ ಬೇಡ, ನೆಲದ ಮೇಲೆ ಹಾಸಿಗೆ ಹಾಕಿಸಿಕೊಳ್ಳಿ. ತೊಟ್ಟಿಲು ಕೊಡುತ್ತೇವೆ ಅಂತ ಫೋನಿನಲ್ಲಿ ಒಪ್ಪಿಕೊಂಡು ಹೋದ ಮೇಲೆ ಇಲ್ಲ ಅಂದ ಹೋಟೆಲು ನನ್ನ ಅನುಭವದಲ್ಲೇ ಇದೆ, ಅದನ್ನು ನೆಚ್ಚಿಕೊಂಡು ಹೊರಡಬೇಡಿ.

ವಾಂತಿಯ ವಿಷಯ. ಪ್ರಯಾಣದ ವಾಂತಿ ಎರಡು ವರ್ಷದೊಳಗಿನ ಮಕ್ಕಳಿಗೆ ಅಪರೂಪ, ಎರಡರಿಂದ ಹನ್ನೆರಡರವರೆಗೆ ಜಾಸ್ತಿ. ಅದಕ್ಕೇ ಮಾಣಿಗೆ ಆಗುತ್ತದೆ, ಕೂಸಿಗೆ ಆಗುವುದಿಲ್ಲ. ಆದರೆ ನೀವು ಯಾಕೆ ಘಟ್ಟ ಇಳಿಯುವ ಚಿಂತೆ ಮಾಡುತ್ತೀರಿ? ಬೆಂಗಳೂರಿಗೆ ಹಾವೇರಿ ಮೇಲೆ ಹೋದರೆ ಘಟ್ಟವೇ ಇಲ್ಲ, ಹಾವೇರಿಯಿಂದ ಮುಂದೆ ಹೆದ್ದಾರಿ ನೇರ. ಹೊರಡುವ ಮೊದಲು ಹಾಲು, ಎಣ್ಣೆ ತಿಂಡಿ ಕೊಡಬೇಡಿ. ಖಾಲಿ ಹೊಟ್ಟೆಯಲ್ಲೂ ಕೂರಿಸಬೇಡಿ. ತೆಳ್ಳೇವು (ತೆಳು ದೋಸೆ) ಒಂದೆರಡು ಸಾಕು. ಕಾರಿನಲ್ಲಿ ಮೊಬೈಲ್ ಕೊಡಲೇಬೇಡಿ, ವಾಂತಿಗೆ ಅದೇ ಅರ್ಧ ಕಾರಣ. ಕಿಟಕಿಯಿಂದ ದೂರದ್ದನ್ನು ತೋರಿಸುತ್ತ ಹೋಗಿ. ಮದ್ದು ಬೇಕೆನಿಸಿದರೆ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ, ಪಕ್ಕದ ಮನೆಯ ಮಗುವಿಗೆ ಕೊಟ್ಟ ಮದ್ದು ಬೇಡ.

ಇನ್ನು ಕೂಸು. ನೀರಿಗೆ ಇಳಿಸಲೇಬೇಡಿ, ಬೆರಳು ಅದ್ದಿಸಿ ಆಟ ಆಡಿಸಿ ಅಷ್ಟೇ. ಅಷ್ಟು ಚಿಕ್ಕ ಮೈ ತಣ್ಣೀರಿನಲ್ಲಿ ಬೇಗ ತಣ್ಣಗಾಗುತ್ತದೆ, ಕೊಳದ ನೀರನ್ನು ನುಂಗುವುದೂ ಬೇಗ. ಅವಳಿಗೆ ಇನ್ನೂ ದಡಾರ ರುಬೆಲ್ಲಾ ಚುಚ್ಚುಮದ್ದು ಆಗಿರುವುದಿಲ್ಲ, ಮೊದಲನೆಯದು ಒಂಬತ್ತು ತಿಂಗಳಿಗೆ. ಫೆಬ್ರವರಿ ಕೊನೆಗೆ ಒಂಬತ್ತು ತುಂಬುವುದಾದರೆ ಹಾಕಿಸಿಕೊಂಡು, ಒಂದೆರಡು ವಾರ ಬಿಟ್ಟು ಹೊರಡಿ. ಮಾಣಿಯ ಎರಡನೆಯ ಡೋಸ್ ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ, 16ರಿಂದ 24 ತಿಂಗಳೊಳಗೆ ಆಗಬೇಕಿತ್ತು. ಜನಜಂಗುಳಿಗೆ ಹೋಗುವ ಮೊದಲು ಇದನ್ನು ನೋಡಿಕೊಳ್ಳುವುದು ಸನ್‌ಸ್ಕ್ರೀನ್ ಹಚ್ಚುವುದಕ್ಕಿಂತ ಮುಖ್ಯ.

ಬಿಸಿಲಿಗೆ ಪೂರ್ತಿ ತೋಳಿನ ತೆಳು ಹತ್ತಿ ಅಂಗಿ, ಅಗಲ ಟೊಪ್ಪಿ, ನೆರಳು. ಎತ್ತಿಕೊಳ್ಳುವ ಕ್ಯಾರಿಯರ್ ತಂದರೆ ಮಗುವಿನ ಮುಖ ಸದಾ ನಿಮಗೆ ಕಾಣುವ ಹಾಗೆ ಕಟ್ಟಿ, ಗಲ್ಲ ಎದೆಗೆ ಒತ್ತಿಕೊಂಡಿರಬಾರದು. ದಾರಿಯಲ್ಲಿ ಎದೆಹಾಲು ಜಾಸ್ತಿ ಸಲ ಕೊಡಿ. ರಾಗಿ ಸರಿ ಹಿಟ್ಟನ್ನು ಹುರಿದು ಒಣ ಡಬ್ಬಿಯಲ್ಲಿ ಒಯ್ದರೆ ಬಿಸಿನೀರು ಸಿಕ್ಕಲ್ಲಿ ಕಾಯಿಸಿಕೊಳ್ಳಬಹುದು. ಒಂದು ಮಾತು, ನಮ್ಮ ಕಡೆಯವರು ಕೆಮ್ಮು, ಶೀತ ಅಂದ ಕೂಡಲೇ ಜೇನುತುಪ್ಪ ನೆಕ್ಕಿಸುತ್ತಾರೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡ, ತೋಟದ್ದೇ ಆಗಲಿ, ಎಷ್ಟೇ ಶುದ್ಧ ಆಗಲಿ. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ. ಅತ್ತೆಯವರಿಗೆ ನಾನು ಹೇಳಿದೆ ಅಂತ ಹೇಳಿ.

ಜ್ವರದ ಮದ್ದು ಇಬ್ಬರಿಗೂ ಬೇರೆ ಬೇರೆ ಇಟ್ಟುಕೊಳ್ಳಿ. ಹೊರಡುವ ಮೊದಲು ಇಬ್ಬರ ತೂಕ ನೋಡಿಸಿ, ಯಾರಿಗೆ ಎಷ್ಟು ಮಿ.ಲೀ. ಅಂತ ಡಾಕ್ಟರಿಂದ ಬಾಟಲಿಯ ಮೇಲೆಯೇ ಬರೆಸಿ. ಪ್ಯಾರಾಸಿಟಮಾಲ್ ಡ್ರಾಪ್ಸು, ಸಿರಪ್ಪು ಎರಡೂ ಒಂದೇ ಅಲ್ಲ, ಡ್ರಾಪ್ಸಿನಲ್ಲಿ ಅಷ್ಟೇ ಮಿ.ಲೀ.ಗೆ ಮದ್ದು ತುಂಬ ಜಾಸ್ತಿ. ರಾತ್ರಿ ಹೋಟೆಲಿನ ಮಂದ ಬೆಳಕಿನಲ್ಲಿ ಅದಲು ಬದಲಾದರೆ ಕಷ್ಟ. ಓಆರ್‌ಎಸ್ ಪೊಟ್ಟಣ ಎಷ್ಟು ನೀರಿಗೆ ಅಂತ ಓದಿ ಅಷ್ಟಕ್ಕೇ ಬೆರೆಸಿ. ಲೀಟರಿನದ್ದನ್ನು ಒಂದು ಲೋಟಕ್ಕೆ ಬೆರೆಸುವವರನ್ನು ವಾರಕ್ಕೊಬ್ಬರನ್ನು ನೋಡುತ್ತೇನೆ.

ಮಾಣಿಗೆ ನೀರಿನಲ್ಲಿ ತೋಳಿಗೆ ಕಟ್ಟುವ ಗಾಳಿಚೀಲವನ್ನು ನಂಬಬೇಡಿ. ಮೊಳಕಾಲುದ್ದ ನೀರಿನಲ್ಲೂ ಅವನು ನಿಮ್ಮ ಕೈಗೆ ಎಟುಕುವಷ್ಟು ಹತ್ತಿರ ಇರಬೇಕು, ಮತ್ತು ಆ ಹೊತ್ತಿಗೆ ಅವನನ್ನು ನೋಡಿಕೊಳ್ಳುವವರು ಯಾರು ಅಂತ ಒಬ್ಬರ ಹೆಸರು ಹಿಡಿದು ಹೇಳಬೇಕು. ಎಲ್ಲರೂ ನೋಡುತ್ತಿದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತ ಅರ್ಥ. ಸಾದಾ ಡೈಪರ್ ನೀರು ಕುಡಿದು ಉಬ್ಬುತ್ತದೆ, ಈಜಿಗೇ ಅಂತ ಬರುವ ಡೈಪರ್ ತನ್ನಿ.


ಅಘನಾಶಿನಿ, ಸಿದ್ದಾಪುರ

ಎಲ್ಲರೂ ಕಾರಿನ ಮಾತೇ ಆಡುತ್ತಿದ್ದೀರಿ. ತಾಳಗುಪ್ಪದ ರಾತ್ರಿ ರೈಲು ಮರೆತೇ ಹೋಯಿತಾ? ಶಿರಸಿಯಿಂದ ಸಿದ್ದಾಪುರ ಮೇಲೆ ತಾಳಗುಪ್ಪ ಒಂದೂವರೆ ಗಂಟೆಯ ದಾರಿ. ಆ ರೈಲು ಬೆಂಗಳೂರು ದಾಟಿ ಮೈಸೂರಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಇಳಿಯಬೇಡಿ, ಬೆಳಗಾಗುವ ಮೊದಲೇ ಮುಟ್ಟಿಸಿಬಿಡುತ್ತದೆ, ಮಲಗಿದ ಮಕ್ಕಳನ್ನು ಎಬ್ಬಿಸಿ ಮೆಜೆಸ್ಟಿಕ್ಕಿನಲ್ಲಿ ಚಳಿಗೆ ನಿಲ್ಲುವುದು ಯಾರಿಗೆ ಬೇಕು. ಸುಮ್ನೆ ಮಲಗಿ, ಬೆಳಿಗ್ಗೆ ಮೈಸೂರಿನಲ್ಲಿ ಏಳಿ.

ಮೈಸೂರಿನಲ್ಲಿ ಮೊದಲ ದಿನ ಮೃಗಾಲಯ. 1892ರಿಂದ ಇರುವ ಜಾಗ, ಮರಗಳ ನೆರಳು ಚೆನ್ನಾಗಿದೆ, ಬ್ಯಾಟರಿ ಗಾಡಿಯೂ ಸಿಗುತ್ತದೆ. ಎರಡೂವರೆ ವರ್ಷದವನಿಗೆ ಆನೆ, ಜಿರಾಫೆ ನೋಡುವುದಕ್ಕಿಂತ ದೊಡ್ಡ ಸಂಭ್ರಮ ಯಾವ ರೈಡಿನಲ್ಲೂ ಇಲ್ಲ. ಮಂಗಳವಾರ ರಜೆ, ಅದೊಂದು ನೋಡಿಕೊಳ್ಳಿ. ನೀರಿನ ಆಟ ಬೇಕೇ ಬೇಕು ಅಂದರೆ ಕೆಆರ್‌ಎಸ್ ರಸ್ತೆಯಲ್ಲಿ ಜಿಆರ್‌ಎಸ್ ಪಾರ್ಕ್ ಇದೆ, ಬಿಡದಿಯಷ್ಟು ದೊಡ್ಡದಲ್ಲ, ಚಿಕ್ಕ ಮಕ್ಕಳಿದ್ದವರಿಗೆ ಅದೇ ಒಳ್ಳೆಯದು. ಇಲ್ಲ, ವಂಡರ್‌ಲಾವೇ ಆಗಬೇಕು ಅಂದರೆ ಬಿಡದಿ ಮೈಸೂರು ಬೆಂಗಳೂರು ದಾರಿಯಲ್ಲೇ ಸಿಗುತ್ತದೆ, ಮೈದುನ ಅಲ್ಲಿಗೇ ಬರಲಿ.

ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಇಲ್ಲ, ಬರ್ತೂ ಇಲ್ಲ. ಹಾಗಾಗಿ ಕೆಳಗಿನ ಬರ್ತ್ ಎರಡಾದರೂ ಬೇಕು. 60 ದಿನ ಮೊದಲು ಬುಕಿಂಗ್ ಶುರುವಾಗುತ್ತದೆ, ಅವತ್ತೇ ಮಾಡಿ. ಆರ್‌ಎಸಿ ಸಿಕ್ಕಿತು, ಹೇಗೋ ಆಗುತ್ತದೆ ಅಂತ ಹೊರಡಬೇಡಿ, ಅರ್ಧ ಸೀಟಿನಲ್ಲಿ ಇಬ್ಬರು ಮಕ್ಕಳು ಆಗುವುದಿಲ್ಲ.


ಕಾಳಿ ದಡ, ಕಾರವಾರ

ಮೈಸೂರಿನ ಮಾತು ಚೆನ್ನಾಗಿದೆ. ಕರಾವಳಿಯವರಿಗೂ ಹೇಳಿಬಿಡುತ್ತೇನೆ, ಮುರ್ಡೇಶ್ವರದಿಂದ ಬೆಂಗಳೂರಿಗೆ ಹೋಗುವ ಒಂದು ರೈಲು ಮೈಸೂರು ಮೇಲೆಯೇ ಹೋಗುತ್ತದೆ. ಕಾರವಾರದ ಪಂಚಗಂಗಾ ರೈಲು ಆ ಕಡೆ ಹೋಗುವುದಿಲ್ಲ, ಹಾಸನದಿಂದ ಕುಣಿಗಲ್ ಮೇಲೆ ಬೆಂಗಳೂರಿಗೆ.

ಆದರೆ ನಾನು ಇನ್ನೂ ನನ್ನ ಮಾತಿಗೇ. ಅಷ್ಟು ದೂರ ಹೋಗುವ ಮೊದಲು ಒಂದು ದಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ ಬನ್ನಿ. ಶಿಗ್ಗಾವಿ ಹತ್ತಿರ, ಹೆದ್ದಾರಿ ಪಕ್ಕದಲ್ಲೇ, ನಿಮಗೆ ಮುಂಡಗೋಡು ಮೇಲೆ ಹೋಗಿ ಸಂಜೆಗೆ ಮನೆಗೆ ಬರುವಷ್ಟು ದೂರ. ಹಳ್ಳಿಮನೆ, ಎತ್ತು, ಎಮ್ಮೆ, ಕುಸ್ತಿ ಆಡುವವರು, ಎಲ್ಲ ನಿಜವಾದವೇ ಅನ್ನುವ ಹಾಗೆ ಮಾಡಿ ನಿಲ್ಲಿಸಿದ್ದಾರೆ. ಇಬ್ಬರು ಮಕ್ಕಳು, ಎರಡು ಚೀಲ, ಒಂದು ಊಟ, ಒಂದು ನಿದ್ದೆ. ಅದನ್ನು ಸಾವರಿಸಿಕೊಂಡು ಬಂದರೆ ಮೈಸೂರಿನ ಟಿಕೆಟ್ ತೆಗೆಯಿರಿ. ಅಲ್ಲೇ ಸುಸ್ತಾದರೆ ಕಾಸರಕೋಡಿಗೆ ಬನ್ನಿ, ಸಿಗುವಾ.


ಸಿದ್ದಾಪುರದವ, ಈಗ ಕೆಂಗೇರಿ

ಇದಕ್ಕೆ ನನ್ನದೂ ಒಪ್ಪಿಗೆ. ಕಾರಿನಲ್ಲೇ ಬರುವುದಾದರೆ ಮಾತ್ರ ಒಂದು ಕೇಳಿಕೊಳ್ಳುತ್ತೇನೆ. ತುಮಕೂರು ರಸ್ತೆಯಲ್ಲಿ ನೈಸ್ ರೋಡಿಗೆ ಹತ್ತಿ ಮೈಸೂರು ರಸ್ತೆಯಲ್ಲಿ ಇಳಿಯಿರಿ, ಟೋಲ್ ಕೊಟ್ಟರೂ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಕೂಸನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳಬೇಡಿ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ದೊಡ್ಡವರನ್ನು ಉಳಿಸುತ್ತದೆ, ಎಳೆಯ ಮಗುವಿಗೆ ಅದೇ ಅಪಾಯ. ಹಿಂದಿನ ಸೀಟಿನಲ್ಲಿ, ಹಿಮ್ಮುಖವಾಗಿ ಕೂರಿಸುವ ಮಕ್ಕಳ ಸೀಟು. ಬೆಲೆ ಜಾಸ್ತಿ ಅನಿಸಿದರೆ ಬೆಂಗಳೂರಿನಲ್ಲಿ ಯಾರದ್ದಾದರೂ ಮಗು ದೊಡ್ಡದಾಗಿ ಬಿಟ್ಟಿರುವುದು ಸಿಗುತ್ತದೆ, ಮೈದುನನಿಗೆ ಹುಡುಕಲು ಹೇಳಿ. ವಿಡಿಯೊ ಕಳಿಸಿದವನಿಗೆ ಅಷ್ಟಾದರೂ ಕೆಲಸ ಇರಲಿ.


ಸಹ್ಯಾದ್ರಿ ಆಯಿ, ಶಿರಸಿ

ನಿಮ್ಮೆಲ್ಲರ ಉತ್ತರವನ್ನು ರಾತ್ರಿ ಊಟ ಆದ ಮೇಲೆ ಜೋರಾಗಿ ಓದಿ ಹೇಳಿದೆ. ಜೇನುತುಪ್ಪದ ಮಾತಿಗೆ ಅತ್ತೆ ಏನೂ ಹೇಳಲಿಲ್ಲ, ಆದರೆ ಆನೆ ನೋಡುವುದಾದರೆ ನಾನೂ ಬರುತ್ತೇನೆ ಅಂದರು. ಹಾಗಾಗಿ ಮೈಸೂರು. ಮೊದಲು ಗೊಟಗೋಡಿ, ಆಮೇಲೆ ಕೂಸಿನ ಒಂಬತ್ತು ತಿಂಗಳ ಚುಚ್ಚುಮದ್ದು, ಅದು ಮುಗಿದ ಮೇಲೆ ತಾಳಗುಪ್ಪದ ರೈಲು. ಮಾರ್ಚ್ ಆದರೂ ಅಡ್ಡಿಯಿಲ್ಲ. ವಂಡರ್‌ಲಾ ಬೇಡ ಅಂತ ಮೈದುನನಿಗೆ ಇನ್ನೂ ಹೇಳಿಲ್ಲ.

ಅಘನಾಶಿನಿಯವರೇ, ತಾಳಗುಪ್ಪದವರೆಗೆ ನಮ್ಮ ಕಾರಿನಲ್ಲೇ ಬಂದು ಸ್ಟೇಷನ್ನಿನ ಹತ್ತಿರ ನಾಲ್ಕು ದಿನ ಬಿಟ್ಟು ಹೋಗಬಹುದಾ?


ಅಘನಾಶಿನಿ, ಸಿದ್ದಾಪುರ

ಬಿಡಬೇಡಿ. ಬಾಡಿಗೆ ಕಾರು ಮಾಡಿ. ಹೋಗುವಾಗ ಹೇಗೋ ಆಗುತ್ತದೆ, ಬರುವಾಗ ನೋಡಿ, ರಾತ್ರಿಯಿಡೀ ರೈಲಿನಲ್ಲಿ ಅರೆನಿದ್ದೆ ಮಾಡಿ ಇಳಿದು ನಿಮ್ಮ ಯಜಮಾನರೇ ಶಿರಸಿಯವರೆಗೆ ಗಾಡಿ ಓಡಿಸಬೇಕು. ಬೇಡ. ಶಿರಸಿಯ ಬಾಡಿಗೆ ಕಾರಿನವರಿಗೆ ಮೊದಲೇ ಹೇಳಿಟ್ಟರೆ ರೈಲು ಬರುವ ಹೊತ್ತಿಗೆ ಬಂದು ನಿಂತಿರುತ್ತಾರೆ. ಮಾಣಿ ತಾಳಗುಪ್ಪದ ರಸ್ತೆಯ ತಿರುವಿನಲ್ಲಿ ವಾಂತಿ ಮಾಡಬಹುದು, ಒಂದು ಹಳೆಯ ಟವೆಲ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಚೀಲದ ಅಡಿಯಲ್ಲಿ ಅಲ್ಲ.